ತಪ್ಪು ಅಂಗಳದಲ್ಲಿ ಕೇಸರಿಬಾತು ಸೇವಿಸಿದ ಬಗ್ಗೆ

ವಾರಾಂತ್ಯ ನಕ್ಷಾಸಕ್ತರ ಕೂಟ
(ಕೊಪ್ಪ, ಶೃಂಗೇರಿ ಮತ್ತು ನರಸಿಂಹರಾಜಪುರ ತಾಲ್ಲೂಕುಗಳ ವ್ಯಾಪ್ತಿ)

ಸಂಖ್ಯೆ: ನಕೂ/ದಾತ/೨/೨೦೦೮-೦೯
ದಿನಾಂಕ: ೧೯-೧-೨೦೦೯

ಸುತ್ತೋಲೆ

ವಿಷಯ: ಜಿಪಿಎಸ್ ಯಂತ್ರ ಹಿಡಿದು ಅಪರಿಚಿತರ ಮನೆಗೆ ಹೋಗಿ ವರನೆನಿಸಿಕೊಳ್ಳುವುದನ್ನು ತಡೆಗಟ್ಟುವ ಕುರಿತು.

ಉಲ್ಲೇಖ: ಮೆಣಸೆಯ ಶ್ರೀಮತಿ ಸುಬ್ಬಮ್ಮನವರು ಜಗಲಿಯಿಂದ ನೀಡಿದ ಮೌಖಿಕ ದೂರು.

ನಿನ್ನೆ ಭಾನುವಾರದ ಕೂಟವನ್ನು ಸಿರಿಮನೆ ಜಲಪಾತದ ಬಳಿ ಏರ್ಪಡಿಸಲಾಗಿತ್ತು. ಅಕ್ಷಾಂಶ ರೇಖಾಂಶಗಳನ್ನು ಯಂತ್ರಕ್ಕೆ ತುಂಬುವಾಗ, ಕೆಳಗೆ ಸಹಿ ಮಾಡಿರುವ ಸಂಚಾಲಕ ಕಶ್ಯಪನಿಂದ ಅಂಕಿಗಳು ಅದಲುಬದಲಾದವು. ಜೀಪಿನಲ್ಲಿದ್ದವರೆಲ್ಲ ಹುಟ್ಟಿದಂದಿನಿಂದ ಸಿರಿಮನೆಯ ದಾರಿ ಬಲ್ಲವರಾದರೂ, ಯಂತ್ರದ ಮೇಲಿನ ಗೌರವದಿಂದ ಯಾರೂ ಬಾಯಿ ಬಿಡಲಿಲ್ಲ. ಪರಿಣಾಮವಾಗಿ ಕೂಟವು ಮೆಣಸೆಯಲ್ಲಿ ಸುಬ್ಬಮ್ಮನವರ ಅಂಗಳ ತಲುಪಿತು. ಅಂದು ಅವರ ಮೊಮ್ಮಗಳು ಅಪೂರ್ವಾಳನ್ನು ನೋಡಲು ಗಂಡಿನ ಕಡೆಯವರು ಬರುವುದಿತ್ತು. ಸಂಚಾಲಕನು ಇಸ್ತ್ರಿ ಅಂಗಿ ಧರಿಸಿದ್ದನು; ವರನಿಗೆಂದು ಇಟ್ಟಿದ್ದ ಕುರ್ಚಿಯಲ್ಲಿ ಅವನನ್ನು ಕೂರಿಸಲಾಯಿತು. ಆದ್ದರಿಂದ ಸದಸ್ಯರಿಗೆ ಈ ಕೆಳಗಿನಂತೆ ತಿಳಿಯಪಡಿಸಲಾಗಿದೆ:

೧. ಕೇಸರಿಬಾತು ಬಡಿಸಿದ ಕೂಡಲೇ ಅದನ್ನು ಸಹಜ ಉಪಚಾರವೆಂದು ಭಾವಿಸತಕ್ಕದ್ದಲ್ಲ. ಯಾರಿಗಾಗಿ ಮಾಡಿದ್ದೆಂದು ಮೊದಲು ವಿಚಾರಿಸತಕ್ಕದ್ದು. ಎರಡನೇ ಸಲ ಬಡಿಸಿಕೊಂಡ ನಂತರ ವಿಚಾರಿಸುವುದು ನಿಷಿದ್ಧ.

೨. ಯಂತ್ರವನ್ನು ಆಕಾಶಕ್ಕೆ ಹಿಡಿದುಕೊಂಡು ಹಿರಿಯರಿಗೆ ಉತ್ತರಿಸುವುದನ್ನು ರದ್ದುಪಡಿಸಲಾಗಿದೆ. ಯಂತ್ರಕ್ಕೆ ಜಾಗ ಗಟ್ಟಿಯಾಗಿ ತಿಳಿಯಲು ನಾಲ್ಕು ಉಪಗ್ರಹಗಳು ಸಿಗಬೇಕು. “ಮಾಣಿ, ಇಲ್ಲಿವರೆಗೆ ಎಷ್ಟು ನೋಡಾಯ್ತು?” ಎಂದು ಸುಬ್ಬಮ್ಮನವರು ಕೇಳಿದಾಗ, ಅದೇ ಧ್ಯಾನದಲ್ಲಿದ್ದ ಸಂಚಾಲಕನು, “ಮೂರು ಸಿಕ್ಕಿದಾವೆ ಅಜ್ಜಿ. ನಾಲ್ಕನೇದು ಸಿಕ್ರೆ ಗಟ್ಟಿ ಆಗ್ತದೆ” ಎಂದನು. “ನಾಲ್ಕನೇದು ಒಳಗೆ ಸೀರೆ ಉಡ್ತಾ ಉಂಟು, ತಡಿ” ಎಂದು ಅವರು ತಿಳಿಸಿದರು. ಆಗಲಾದರೂ ಅರ್ಥವಾಗಬೇಕಿತ್ತು, ಆಗಿರುವುದಿಲ್ಲ.

೩. ಅಷ್ಟರಲ್ಲಿ ನಿಜವಾದ ಗಂಡಿನ ಕಡೆಯವರು ಕಾರಿನಲ್ಲಿ ಬಂದರು. ವರನ ಕುರ್ಚಿಯಲ್ಲಿ ಇನ್ನೊಬ್ಬ ಕೂತಿರುವುದನ್ನು ಕಂಡು ನೀರು ಸಹ ಮುಟ್ಟದೆ ಹಿಂತಿರುಗಿದರು. ಸಂಚಾಲಕನು ಹಿಂದೆ ಓಡಿ, ತಾನು ವರನಲ್ಲ, ದಾರಿ ತಪ್ಪಿದವನು ಎಂದು ಯಂತ್ರ ತೋರಿಸಿ ವಿವರಿಸಿದನು. “ದಾರಿ ತೋರ್ಸೋ ಯಂತ್ರ ಹಿಡ್ಕಂಡು ದಾರಿ ತಪ್ಪೋರು ಉಂಟೇನ್ರಿ?” ಎಂದು ಹುಡುಗನ ಸೋದರಮಾವ ಕಾರಿನ ಬಾಗಿಲು ಎಳೆದುಕೊಂಡರು. ಇನ್ನು ಮುಂದೆ ಅವಿವಾಹಿತ ಸದಸ್ಯರು ಇಸ್ತ್ರಿ ಅಂಗಿ ತೊಟ್ಟು ಕೂಟಕ್ಕೆ ಬರತಕ್ಕದ್ದಲ್ಲ.

೪. ಸುಬ್ಬಮ್ಮನವರು ಸೆರಗಿನಿಂದ ಕಣ್ಣೊರೆಸಿಕೊಂಡಿದ್ದು ಕೂಟದ ಗಮನಕ್ಕೆ ಬಂದಿದೆ. ಸಂಚಾಲಕನಿಗೆ ತಲೆ ಎತ್ತಲಾಗಲಿಲ್ಲ. ಅಪೂರ್ವಾ ಮಾತ್ರ ಕಾಫಿ ಲೋಟ ಅವನ ಮುಂದಿಟ್ಟು, “ಅಜ್ಜಿ, ಒಂದು ಮಾತು ಕೇಳೋ ತಾಳ್ಮೆ ಇಲ್ದವ್ರು ಹೋಗಿದ್ದೇ ಒಳ್ಳೇದಾಯ್ತು” ಎಂದಳು. ನಂತರ ಯಂತ್ರವನ್ನು ಕೈಗೆ ತೆಗೆದುಕೊಂಡು, “ಇದ್ರಲ್ಲಿ ನಮ್ಮನೆ ಎಲ್ಲುಂಟು?” ಎಂದು ಕೇಳಿದಳು. ತೆರೆಯ ಮೇಲೆ ಮನೆಯು ತುಂಗಾ ಹೊಳೆಯ ನಡುವೆ ಕಂಡುಬಂದಿತು. “ಹಾಗಾದ್ರೆ ನಾವೆಲ್ಲ ಹೊಳೇಲಿ ಕೂತು ಕಾಫಿ ಕುಡೀತಿದೀವಾ ಮಾರಾಯ್ರೆ?” ಎಂದು ಆಕೆ ನಕ್ಕಿದ್ದಕ್ಕೆ ಸದಸ್ಯರೆಲ್ಲರೂ ಸಾಕ್ಷಿ. “ಬರೋ ಭಾನುವಾರ ಬಂದು ದಡಕ್ಕೆ ಹಾಕಿ ಕೊಡಿ” ಎಂದೂ ಹೇಳಿರುತ್ತಾಳೆ.

೫. ಅದರಂತೆ ಸದರಿ ಮನೆಯನ್ನು ದಡ ಸೇರಿಸುವ ಕಾರ್ಯವನ್ನು ಬರುವ ಭಾನುವಾರ ಕೈಗೊಳ್ಳಲಾಗುವುದು. ಇದಕ್ಕೆ ಸಂಚಾಲಕನೊಬ್ಬನ ಹಾಜರಿ ಸಾಕು. ಉಳಿದವರು ತಮಗೆ ಗೊತ್ತಿರುವ ದಾರಿಯಲ್ಲಿ ಸಿರಿಮನೆಗೆ ಹೋಗತಕ್ಕದ್ದು. ಕುತೂಹಲದಿಂದ ಹಿಂಬಾಲಿಸಿದವರ ಸದಸ್ಯತ್ವವನ್ನು ರದ್ದುಪಡಿಸಲಾಗುವುದು.

ಸಹಿ/-
(ಕಶ್ಯಪ)
ಸಂಚಾಲಕ

ಪ್ರತಿಗಳು:
ಎಲ್ಲ ಸದಸ್ಯರಿಗೆ, ನಗುವುದು ಮುಗಿದ ಬಳಿಕ ಸ್ವೀಕೃತಿ ಕಳುಹಿಸಲು.
ಗಂಡಿನ ಕಡೆಯವರಿಗೆ, ಕ್ಷಮಾಪಣೆಯೊಂದಿಗೆ. ವಿಳಾಸ ಪತ್ತೆಯಾಗದ ಕಾರಣ ಬಾಕಿ ಇರಿಸಿದೆ.
ಶ್ರೀಮತಿ ಸುಬ್ಬಮ್ಮನವರಿಗೆ. ಮೊಮ್ಮಗಳು ಓದಿ ಹೇಳುವಂತೆ ಕೋರಿದೆ. ಐದನೆಯ ಕಲಂ ಅನ್ನು ಮನಸ್ಸಿನಲ್ಲೇ ಓದಿಕೊಳ್ಳಬಹುದು.