ಹೊಲಿಗೆ ಮಷೀನಿನ ಮೇಲೆ ಗೇರು ಕಲಿತ ಕಾರು

ಬೀದರಿನ ಗಾಂಧಿ ಗಂಜ್ ಮಾರುಕಟ್ಟೆಯ ಪಕ್ಕದ ಓಣಿಯಲ್ಲಿ ಇಪ್ಪತ್ತು ವರ್ಷಗಳಿಂದ ಟಿವಿ, ಮಿಕ್ಸರ್ ರಿಪೇರಿ ಮಾಡಿಕೊಂಡಿರುವ ನನಗೆ, ಜಗತ್ತಿನಲ್ಲಿ ವೈರು ಇರುವ ಯಾವ ವಸ್ತುವೂ ನನ್ನ ಮಾತು ಮೀರುವುದಿಲ್ಲ ಎಂಬ ನಂಬಿಕೆ ಇತ್ತು. ಇತ್ತು ಎಂಬುದನ್ನು ಗಮನಿಸಬೇಕು.

ನನ್ನದೊಂದು ಹಳೆಯ ಕಾರು. ತಾನೇ ಗೇರು ಬದಲಿಸುವ ಜಾತಿ. ಯಾವಾಗ ಯಾವ ಗೇರು ಎಂದು ತೀರ್ಮಾನಿಸಲು ಅದರೊಳಗೊಂದು ಎಲೆಕ್ಟ್ರಾನಿಕ್ ಡಬ್ಬಿ ಇರುತ್ತದೆ. ಆ ಡಬ್ಬಿ ಸುಟ್ಟುಹೋಗಿ ಕಾರು ಮುಂದೂ ಇಲ್ಲ, ಹಿಂದೂ ಇಲ್ಲ ಎಂದು ನಿಂತುಬಿಟ್ಟಿತು. ಅದೂ ಯಾವಾಗ? ಚಿಂತಾಕಿಯಲ್ಲಿ ನನ್ನ ನಾದಿನಿ ಸಂಗೀತಾಳ ಸೀಮಂತದ ಕುಬಸ ಕಾರ್ಯಕ್ಕೆ ಎರಡೇ ವಾರ ಇರುವಾಗ!

ನನ್ನ ಹೆಂಡತಿ ಮಹಾದೇವಿಯ ತವರಿನಲ್ಲೊಂದು ಪದ್ಧತಿ ಇದೆ. ಬಸುರಿ ತಂಗಿಗೆ ಅಕ್ಕ ತನ್ನ ಕೈಯಾರೆ ಹೊಲಿದ ಹಸಿರು ಖಣದ ರವಿಕೆ, ಅದೇ ಕುಬಸ, ತೊಡಿಸಬೇಕು. ಆಮೇಲೇ ಆರತಿ. ಭಾನುವಾರ ಮಧ್ಯಾಹ್ನ ಹನ್ನೆರಡಕ್ಕೆ ಮುಹೂರ್ತ. ಅಕ್ಕ ತಡವಾದರೆ ಆರತಿಯೇ ಇಲ್ಲ. ಬಸ್ಸಿಗೆ ಹೋಗೋಣ ಎಂದಳು ಮಹಾದೇವಿ. ನಾನು ಎದೆಯುಬ್ಬಿಸಿ, ಡಬ್ಬಿಯನ್ನು ನಾನೇ ಕಟ್ಟುತ್ತೇನೆ, ರಾಣಿಯ ಹಾಗೆ ಕಾರಿನಲ್ಲಿ ಇಳಿಸುತ್ತೇನೆ ಎಂದೆ.

ಹತ್ತು ದಿನದಲ್ಲಿ ಕಟ್ಟಿಯೂ ಬಿಟ್ಟೆ. ಅವಳ ಸ್ಟೀಲಿನ ಬುತ್ತಿ ಡಬ್ಬಿಯೊಳಗೆ ಕೂರಿಸಿದೆ. ಇನ್ನು ಅದನ್ನು ಮೇಜಿನ ಮೇಲೆ ಪರೀಕ್ಷಿಸಬೇಕಲ್ಲ? ಗೇರಿಗೊಂದರಂತೆ ನಾಲ್ಕು ಬಣ್ಣದ ಬಲ್ಬು ಜೋಡಿಸಿದೆ. ಕಾರಿನ ವೇಗ ಡಬ್ಬಿಗೆ ತಿಳಿಯಲು ಏನಾದರೂ ತಿರುಗುತ್ತಿರಬೇಕು. ಮನೆಯಲ್ಲಿ ಚೆನ್ನಾಗಿ ತಿರುಗುವ ಗಾಲಿ ಒಂದೇ, ಮಹಾದೇವಿಯ ಹೊಲಿಗೆ ಮಷೀನಿನದು. ಅದಕ್ಕೆ ನಾಲ್ಕು ಆಯಸ್ಕಾಂತ ಅಂಟಿಸಿದೆ; ಒಂದೊಂದು ದಾಟಿದಾಗಲೂ ಡಬ್ಬಿಗೊಂದು ಸಂಕೇತ. ಹೆಂಡತಿಯನ್ನು ಇಂಜಿನ್ ಹುದ್ದೆಗೆ ನೇಮಿಸಿಕೊಂಡೆ.

ಅವಳು ಮೆಲ್ಲಗೆ ತುಳಿದರೆ ಕೆಂಪು ಬಲ್ಬು, ಮೊದಲ ಗೇರು. ಸ್ವಲ್ಪ ಜೋರಾದರೆ ಹಳದಿ. ಆಮೇಲೆ ನೀಲಿ. ಸೆರಗು ಸಿಕ್ಕಿಸಿ ಜೀವ ಬಿಟ್ಟು ತುಳಿದಾಗ ಹಸಿರು, ನಾಲ್ಕನೇ ಗೇರು! ಹೆದ್ದಾರಿಯ ವೇಗ ಎಂದು ಬರೆದುಕೊಂಡೆ. ಒಲೆಯ ಮೇಲೆ ಹಾಲು ಉಕ್ಕಿತೆಂದು ಅವಳು ಥಟ್ಟನೆ ಎದ್ದು ಓಡಿದಾಗಲೂ ಡಬ್ಬಿ ಕ್ರಮವಾಗಿ ನಾಲ್ಕರಿಂದ ಒಂದಕ್ಕೆ ಇಳಿಯಿತು. ನನಗೆ ಕಣ್ಣಲ್ಲಿ ನೀರು ಬಂತು. ಹಾಲು ಹೋದದ್ದಕ್ಕೆ ಅವಳಿಗೂ ಬಂತು.

ಅರ್ಧ ಆದ ಕುಬಸ ಮುಗಿಸಬೇಕು, ಮಷೀನು ಬಿಡಿ ಎಂದು ಅವಳು ಬುಧವಾರ ಕೇಳಿದಳು, ಗುರುವಾರ ಗದರಿದಳು. ನಾನು ಶನಿವಾರ ಸಂಜೆಯವರೆಗೂ ಬಿಡಲಿಲ್ಲ. ಏಕೆಂದರೆ ಶನಿವಾರ ಸಾರ್ವಜನಿಕ ಪ್ರಾತ್ಯಕ್ಷಿಕೆ! ಓಣಿಯವರೆಲ್ಲ ಬಂದರು. ಕೆಂಪು, ಹಳದಿ, ನೀಲಿ, ಹಸಿರು. ಚಪ್ಪಾಳೆ. ಇನ್ನೂ ಜೋರಾಗಿ ಎಂದೆ. ಪಟ್ ಎಂದು ಮಷೀನಿನ ಪಟ್ಟಿ ಹರಿಯಿತು.

ಕುಬಸಕ್ಕೆ ಇನ್ನೂ ತೋಳೇ ಬಿದ್ದಿರಲಿಲ್ಲ.

ಡಬ್ಬಿಯನ್ನು ಕಾರಿಗೆ ಕೂರಿಸಲು ಅಂದೇ ರಾತ್ರಿ ಬಂದ ಮೆಕ್ಯಾನಿಕ್ ಮಹಬೂಬ್ ಭಾಯ್ ನಾಲ್ಕೂ ಬಲ್ಬು ನೋಡಿ, ತಲೆ ಕೆರೆದುಕೊಂಡು ಹೇಳಿದರು:

"ಉಸ್ತಾದ್, ಬಲ್ಬ್ ಹತ್ತೂದು ಬ್ಯಾರೆ, ಗಾಡಿ ಓಡೂದು ಬ್ಯಾರೆ. ಒಂದ್ಸಲ ಹೆದ್ದಾರಿಗಿ ಒಯ್ದು ನೋಡ್ರಿ."

ನಾನು ನಕ್ಕು, ಓಣಿಯಲ್ಲಿ ಎರಡು ಸುತ್ತು ಹೊಡೆದೆ. ಓಣಿಯಲ್ಲಿ ಯಾವ ಕಾರಾದರೂ ನಿಧಾನವಾಗಿಯೇ ಹೋಗುತ್ತದೆ, ಹಾಗಾಗಿ ಅನುಮಾನ ಬರಲಿಲ್ಲ. ನನ್ನ ಸಂಶೋಧನೆ ಯಾರೂ ಕದಿಯಬಾರದೆಂದು ಡಬ್ಬಿಯ ಮುಚ್ಚಳಕ್ಕೆ ಗಟ್ಟಿ ಅಂಟು ಬಳಿದು ಮುಚ್ಚಿಬಿಟ್ಟೆ.

ಭಾನುವಾರ ಬೆಳಿಗ್ಗೆ ಆರಕ್ಕೆ ಹೊರಟೆವು. ಮಹಾದೇವಿ ಸೂಜಿ, ದಾರ, ತೋಳಿಲ್ಲದ ಕುಬಸ ಹಿಡಿದು ಹಿಂದೆ ಕೂತಳು. ಊರು ದಾಟುವ ಮೊದಲೇ ಕಾರು ಒಂದು, ಎರಡು, ಮೂರು, ನಾಲ್ಕು ಎಂದು ಎಲ್ಲ ಗೇರು ಮುಗಿಸಿ ಹಾಯಾಗಿ ಕೂತಿತು. ವೇಗ ಮಾತ್ರ ಸೈಕಲ್ಲಿನದು! ನಾನು ತುಳಿದಷ್ಟೂ ಇಂಜಿನ್ ನರಳುತ್ತಿತ್ತು, ಗಾಡಿ ಏಳುತ್ತಿರಲಿಲ್ಲ. ಔರಾದ್ ರಸ್ತೆಯ ಏರಿನಲ್ಲಿ ಒಂದು ಕುರಿ ಹಿಂಡು ಹಿಂದಿನಿಂದ ಬಂದು, ಎರಡೂ ಕಡೆಯಿಂದ ನಮ್ಮನ್ನು ದಾಟಿ ಹೋಯಿತು. ಕುರಿ ಕಾಯುವ ಹಿರಿಯರು ಕಿಟಕಿಗೆ ಬಗ್ಗಿ, ತಳ್ಳಬೇಕೇನ್ರಿ ಎಂದು ಮರ್ಯಾದೆಯಿಂದ ಕೇಳಿದರು. ನನಗೆ ಭೂಮಿ ಬಾಯ್ಬಿಡಬಾರದೇ ಅನ್ನಿಸಿತು.

ಏನಾಗಿದೆ ಎಂದು ನನಗೆ ಹೊಳೆಯಲೇ ಇಲ್ಲ. ಹೊಳೆದದ್ದು ಹಿಂದಿನ ಸೀಟಿನಲ್ಲಿ. ತೋಳು ಜೋಡಿಸುತ್ತಿದ್ದ ಮಹಾದೇವಿ ದಾರವನ್ನು ಹಲ್ಲಿನಿಂದ ಕಡಿದು ಅಂದಳು:

"ರೀ, ಮಷೀನಿನ ಗಾಲಿ ಒಂದ್ ಸುತ್ತು ತಿರುಗಿದ್ರ ಒಂದ್ ಹೊಲಿಗಿ ಬೀಳ್ತದ. ಕಾರಿಂದು ತಿರುಗಿದ್ರ ಎಷ್ಟು ದೂರ ಹೋಗ್ತದ, ಆ ಲೆಕ್ಕ ಹಾಕೀರೇನ್ರಿ?"

ಹಾಕಿರಲಿಲ್ಲ. ಮಷೀನಿನ ಗಾಲಿ ಒಂದು ಸುತ್ತಿಗೆ ಕೊಡುತ್ತಿದ್ದದ್ದು ನಾಲ್ಕೇ ಸಂಕೇತ, ಕಾರಿನ ಗಾಲಿ ಕೊಡುವುದು ನೂರು. ಅವಳು ಜೀವ ಬಿಟ್ಟು ತುಳಿದಾಗ ಬರುತ್ತಿದ್ದ ಸಂಕೇತ, ಕಾರಿನಲ್ಲಿ ಆಳು ನಡೆಯುವ ವೇಗಕ್ಕೇ ಬಂದುಬಿಡುತ್ತಿತ್ತು. ಪಾಪದ ಕಾರು ಅದನ್ನೇ ಹೆದ್ದಾರಿಯ ವೇಗವೆಂದು ತಿಳಿದು ನಾಲ್ಕನೇ ಗೇರಿಗೆ ಹಾರುತ್ತಿತ್ತು. ನಾನು ಅದಕ್ಕೆ ಓಡುವುದನ್ನು ಕಲಿಸಿರಲಿಲ್ಲ, ಹೊಲಿಯುವುದನ್ನು ಕಲಿಸಿದ್ದೆ! ಸರಿಪಡಿಸಲು ಎರಡು ಅಂಕಿ ಬದಲಿಸಿದರೆ ಸಾಕಿತ್ತು. ಆದರೆ ಮುಚ್ಚಳ ತೆಗೆಯಬೇಕಲ್ಲ? ಜಾಕಿನ ಸಲಾಕೆಯಿಂದ ಬಡಿದರೂ ಅದು ಮಿಸುಕಲಿಲ್ಲ. ನನ್ನ ಕೆಲಸದಲ್ಲಿ ಗಟ್ಟಿಯಾಗಿ ನಿಂತದ್ದು ಆ ಅಂಟೊಂದೇ.

ಹನ್ನೆರಡಕ್ಕೆ ಹತ್ತು ನಿಮಿಷ ಇದ್ದಾಗ ಚಿಂತಾಕಿ ಮುಟ್ಟಿದೆವು. ಮಹಾದೇವಿ ಕೊನೆಯ ಗುಂಡಿ ಹಚ್ಚಿ ಇಳಿದಳು. ದಾರಿಯುದ್ದಕ್ಕೂ ಒಂದು ಸಲವೂ ಸೂಜಿ ಚುಚ್ಚಲಿಲ್ಲವಂತೆ, ಗಾಡಿ ಅಷ್ಟು ಮೆತ್ತಗೆ ಬಂತಂತೆ. ಕುಬಸ ಸಂಗೀತಾಳಿಗೆ ಅಚ್ಚುಕಟ್ಟಾಗಿ ಕೂತಿತು. ಆರತಿಯಾಯಿತು. ನನಗೆ ಹೋದ ಜೀವ ಬಂತು.

ಊಟವಾದ ಮೇಲೆ ಅಕ್ಕನಿಂದ ಪೂರ್ತಿ ಕಥೆ ಕೇಳಿ, ಹೊಟ್ಟೆ ಹಿಡಿದುಕೊಂಡು ನಕ್ಕ ಸಂಗೀತಾ, ನಾನು ಹೊರಡುವಾಗ ಬಾಗಿಲವರೆಗೂ ಬಂದಳು.

"ಭಾವಾ, ಇನ್ನ ಮೂರು ತಿಂಗಳಿಗಿ ಕೂಸಿನ ತೊಟ್ಟಿಲ ಕಾರ್ಯ ಅದ್ರಿ. ಬೀದರಿಗಿ ಹೋಗಬ್ಯಾಡ್ರಿ, ಹೋದ್ರ ಮತ್ತ ವ್ಯಾಳ್ಯಾಕ್ಕ ಬರೂದು ಆಗಂಗಿಲ್ಲ."

ಎಲ್ಲರೂ ನಕ್ಕರು. ಮಹಾದೇವಿ ಬಸ್ಸು ಹತ್ತಿದಳು. ನಾನೊಬ್ಬನೇ ಕಾರಿನಲ್ಲಿ ಕೂತು, ಮನಸ್ಸಿನಲ್ಲೇ ಲೆಕ್ಕ ಹಾಕಿದೆ. ಹೋಗಿ ಬರಲು ಮೂರು ತಿಂಗಳು ಸಾಕಾಗಬಹುದು, ದಾರಿಯಲ್ಲಿ ಕುರಿಗಳು ಅಡ್ಡ ಬರದಿದ್ದರೆ!