ಹನ್ನೊಂದು ಕೈಗಳ ಎಂಜಿನ್

ಬೆಳಿಗ್ಗೆ ಆರೂವರೆಗೆ ಎಲಿಯಾಸರನ ಎಂಜಿನ್ ಉಚ್ಚೆ ಹೊಯ್ಯುವುದನ್ನು ನಿಲ್ಲಿಸಿತು.

ಹದಿನೈದು ಕುದುರೆಶಕ್ತಿಯ ಸೆಕೆಂಡ್ ಹ್ಯಾಂಡ್ ದೋಣಿ ಎಂಜಿನ್ ಅದು. ಮೈ ತಣ್ಣಗಾಗಲು ನದಿಯ ನೀರು ಹೀರಿ, ಹಿಂಬದಿಯ ಸಣ್ಣ ತೂತಿನಿಂದ ಪಿಚಕಾರಿಯಂತೆ ಚಿಮ್ಮಿಸಬೇಕು. ಅವತ್ತು ಒಂದು ಹನಿಯೂ ಬರಲಿಲ್ಲ. ಹಾಗೇ ಓಡಿಸಿದರೆ ಹತ್ತು ನಿಮಿಷದಲ್ಲಿ ಬೆಂದು ಗುಜರಿ.

ಮಧ್ಯಾಹ್ನ ಮೂರಕ್ಕೆ, ನದಿಗೆ ಕಡಲ ಭರತದ ನೀರು ಏರುವ ಹೊತ್ತಿಗೆ, ಶಾಲೆಯ ಇನ್‌ಸ್ಪೆಕ್ಟರ್ ದೋಣಿ ಆರಿಸಲು ಬರುವವರಿದ್ದರು. ಊರಿನ ಇಪ್ಪತ್ತೆರಡು ಮಕ್ಕಳನ್ನು ದಿನಾ ಶಾಲೆಗೆ ಸಾಗಿಸುವ ಒಂದು ವರ್ಷದ ಕೆಲಸ. ಅರ್ಜಿ ಹಾಕಿದವರು ಇಬ್ಬರೇ: ಎಲಿಯಾಸರ್ ಮತ್ತು ನಿಕಾನೋರ್. ನಿಕಾನೋರನ ಎಂಜಿನ್ ಪ್ರವಾಹಕ್ಕೆ ಎದುರಾಗಿ ಹೊರಟರೆ ದಡದ ಏಡಿಗಳು ಅದನ್ನು ಹಿಂದೆ ಹಾಕುತ್ತಿದ್ದವು.

ಎಲಿಯಾಸರ್ ಎಂಜಿನ್ನನ್ನು ಹೆಗಲ ಮೇಲೆ ಹೊತ್ತು ಮನೆಗೆ ತಂದು ಬಾಗಿಲು ಹಾಕಿಕೊಂಡ. ಅದಕ್ಕೆ ಕಾರಣವಿತ್ತು. ಈ ನದಿಯವರ ಕಟ್ಟಳೆ ಇದು: ನನ್ನ ಕೆಲಸಕ್ಕೆ ನೀನು ಕೈ ಹಾಕಿದರೆ, ನೀನು ಕರೆದ ದಿನ ನಾನು ಬಂದು ಇಡೀ ದಿನ ದುಡಿಯಬೇಕು. ಕೈ ಚಿಕ್ಕದೋ ದೊಡ್ಡದೋ ಯಾರೂ ತೂಗುವುದಿಲ್ಲ. ತಪ್ಪಿಸಿಕೊಂಡವನು ಸತ್ತರೆ ಹೆಣಕ್ಕೆ ಹೆಗಲು ಕೊಡುವವರಿಲ್ಲ. ನೀರೆತ್ತುವ ರಬ್ಬರ್ ಚಕ್ರ ಸವೆದಿರಬೇಕು, ಎಂಜಿನ್ನಿನ ಕಾಲು ಕಳಚಿ ಹೊಸದು ಹಾಕಿದರಾಯಿತು, ಎರಡು ಗಂಟೆಯ ಕೆಲಸ, ಒಬ್ಬನೇ ಮಾಡಿಕೊಳ್ಳುತ್ತೇನೆ ಎಂದುಕೊಂಡ.

ತುಕ್ಕು ಹಿಡಿದ ಬೋಲ್ಟುಗಳು ಬೇಗ ಅಲುಗಲಿಲ್ಲ; ನಾಲ್ಕನೆಯದನ್ನು ಬಿಚ್ಚುವಷ್ಟರಲ್ಲಿ ಪಕ್ಕದ ಮನೆಯ ಫಿದೆಲಿನೊ ಕಿಟಕಿಯಿಂದಲೇ ಒಳಗಿಳಿದ.

"ಎಂಜಿನ್‌ಗೆ ಉಚ್ಚೆ ಕಟ್ಟಿದೆಯಂತೆ?"

"ಏನಿಲ್ಲ. ನೀನು ಹೋಗು."

"ಬೀಳ್ತದೆ ಮಾರಾಯ, ಹಿಡ್ಕೊಳ್ತೀನಿ!" ಎಂದು ಅವನು ಎಂಜಿನ್ನಿನ ಕಾಲನ್ನು ತಬ್ಬಿಕೊಂಡೇಬಿಟ್ಟ. ಒಂದು ಕೈ ಆಯಿತು.

ತಬ್ಬಿದ ರಭಸಕ್ಕೆ ಚಕ್ರವನ್ನು ತಿರುಗುವ ಕಡ್ಡಿಗೆ ಕಚ್ಚಿ ಹಿಡಿಯುವ ಉಗುರಿನಷ್ಟು ಚಿಕ್ಕ ಕೀಲು ಹಾರಿತು. ನೆಲದ ಹಲಗೆಗಳ ಸಂದಿಯಲ್ಲಿ ತೂರಿ, ಕಂಬಗಳ ಮೇಲೆ ನಿಂತ ಮನೆಯ ಕೆಳಗಿನ ಕೆಸರಿಗೆ ಬಿದ್ದು 'ಪ್ಲಪ್' ಎಂದಿತು.

ಎಲಿಯಾಸರ್ ಕೆಳಗೆ ಬಗ್ಗಿ ನೋಡಿದ. ಆಗಲೇ ಐದು ಜನ ಹೆಂಗಸರು ಇರುವೆಗಳಂತೆ ಸಾಲಾಗಿ ಬಂದು ಮೊಣಕಾಲುದ್ದ ಕೆಸರಿಗಿಳಿದಿದ್ದರು. ಉಪ್ಪುನೀರಿನ ಕಾಂಡ್ಲಾಕಾಡಿನ ಕೆಸರಲ್ಲಿ ಬೆರಳಾಡಿಸಿ ಕಪ್ಪೆಚಿಪ್ಪು ಹೆಕ್ಕುವುದೇ ಅವರ ಕಸುಬು.

"ಅಕ್ಕಂದಿರಾ, ಬೇಡ! ನಾನೇ ಹುಡುಕ್ತೀನಿ!"

"ನಿನ್ನ ಬೆರಳಿಗೆ ಕಣ್ಣಿದೆಯೇನೋ? ಸುಮ್ನೆ ಮೇಲೆ ಕೂತ್ಕೋ."

ಹತ್ತು ನಿಮಿಷದಲ್ಲಿ ಕೀಲು ಸಿಕ್ಕಿತು, ಜೊತೆಗೆ ಎರಡು ಡಜನ್ ಚಿಪ್ಪುಗಳೂ. ಚಿಪ್ಪುಗಳನ್ನು ಅವರೇ ಇಟ್ಟುಕೊಂಡರು. ಆರು ಕೈ.

ಹೊಸ ಚಕ್ರ ಹಾಕಿ ಕಾಲು ಜೋಡಿಸುವಾಗ ಗಂಟೆ ಒಂದು. ಪರೀಕ್ಷೆಗೆ ನೀರಿನ ಡ್ರಮ್ ಬೇಕು ಎಂದು ಎಲಿಯಾಸರ್ ಮನಸ್ಸಿನಲ್ಲಿ ಅಂದುಕೊಂಡಿದ್ದ, ಅಷ್ಟೆ. ಮೂವರು ಗಂಡಸರು ತುಂಬಿದ ಡ್ರಮ್ ಹೊತ್ತು ಮೆಟ್ಟಿಲು ಹತ್ತಿ ಬಂದರು. ಒಂಬತ್ತು.

ಎಂಜಿನ್ನನ್ನು ಡ್ರಮ್ಮಿಗೆ ತೂಗುಹಾಕಿ ಹಗ್ಗ ಎಳೆದ. ಎಂಜಿನ್ ಗುಡುಗಿತು, ಮನೆ ನಡುಗಿತು, ಒಲೆಯ ಮೇಲಿದ್ದ ತೆಂಗಿನಹಾಲಿನ ಮೀನುಸಾರು ನೆಲಕ್ಕೆ ಬಿತ್ತು. ತೂತಿನಿಂದ ಮಾತ್ರ ಹನಿಯಿಲ್ಲ.

ಬಾಗಿಲಲ್ಲಿ ನೆರೆದವರ ನಡುವಿನಿಂದ ಮುದುಕ ಸಿನ್ಫೊರೊಸೊ ಕಬ್ಬಿನ ಸಾರಾಯಿಯ ಬಾಟಲಿ ಹಿಡಿದು ಮುಂದೆ ಬಂದ. "ನನಗೂ ಹೀಗೇ ಆಗಿತ್ತು. ಇದನ್ನ ಕುಡಿದ್ಮೇಲೆ ನೋಡು, ತಡೆಯೋರೇ ಇರ್ಲಿಲ್ಲ." ಒಂದು ಗುಟುಕು ಪೆಟ್ರೋಲ್ ಟ್ಯಾಂಕಿಗೆ, ಮೂರು ಗುಟುಕು ತನಗೆ. ಹತ್ತು. ಎಂಜಿನ್ ಕೆಮ್ಮಿತು. ಮುದುಕ ಹಾಡಿದ.

ಗಂಟೆ ಎರಡೂ ಮುಕ್ಕಾಲು. ಎಲಿಯಾಸರ್ ತಲೆ ಮೇಲೆ ಕೈ ಹೊತ್ತು ಕುಳಿತ. ಗುಂಪಿನಲ್ಲಿದ್ದ ಊರಿನ ಅಜ್ಜಿ ಎರ್ಮೆನ್ಸಿಯಾ ಯಾರನ್ನೂ ಕೇಳದೆ ತಲೆಯಿಂದ ಹೇರ್‌ಪಿನ್ ಕಿತ್ತು ತೂತಿಗೆ ಚುಚ್ಚಿ ತಿರುವಿದಳು. ಕಡಲೆಬೀಜದಷ್ಟು ಮಣ್ಣಿನ ಗೂಡು ಹೊರಬಂತು.

"ಕಣಜ ಗೂಡು ಕಟ್ಟಿದೆ ಕಣೋ ಪೆದ್ದ. ಇದಕ್ಕೆ ಇಡೀ ಕಾಲೇ ಕಳಚಿದ್ಯಾ?"

ಹನ್ನೊಂದು. ಎಲಿಯಾಸರ್ ಮತ್ತೆ ಹಗ್ಗ ಎಳೆದ ಮರುಕ್ಷಣ ನೀರು ಚಿಮ್ಮಿ, ಮೆಟ್ಟಿಲ ತುದಿಯಲ್ಲಿ ತಲೆ ತೋರಿಸಿದ ಇನ್‌ಸ್ಪೆಕ್ಟರರ ಬಿಳಿ ಪ್ಯಾಂಟನ್ನು ಸೊಂಟದಿಂದ ಪಾದದವರೆಗೆ ತೋಯಿಸಿತು.

ಇನ್‌ಸ್ಪೆಕ್ಟರ್ ಪ್ಯಾಂಟ್ ನೋಡಿಕೊಂಡರು, ಧಾರೆ ನೋಡಿದರು. "ಇಂಥ ಧಾರೆ ನಾನು ನೋಡೇ ಇಲ್ಲ," ಎಂದು ಕಾಗದ ತೆಗೆದರು. "ಸೋಮವಾರದಿಂದ ಶುರು. ದೋಣಿ ನೀವೇ ನಡೆಸ್ಬೇಕು, ಬದಲಿ ಆಳು ಇಲ್ಲ. ಮೊದಲ ವಾರ ಒಂದು ದಿನ ತಪ್ಪಿದ್ರೂ ಕೆಲಸ ಎರಡನೇ ಅರ್ಜಿದಾರನಿಗೆ."

ಎಲಿಯಾಸರ್ ಸಹಿ ಹಾಕಿದ. ಜನ ಚಪ್ಪಾಳೆ ತಟ್ಟಿದರು. ಚಪ್ಪಾಳೆ ನಿಂತ ಮೇಲೆ ಫಿದೆಲಿನೊ ಗಂಟಲು ಸರಿಮಾಡಿಕೊಂಡ.

"ಸೋಮವಾರ ನನ್ನ ಮನೆ ಸೂರು ಹೊದಿಸ್ಬೇಕು ಕಣೋ. ಬೆಳಿಗ್ಗೆ ಬೇಗ ಬಾ."

"ಮಂಗಳವಾರದಿಂದ ಶನಿವಾರದವರೆಗೆ ನಾವೈದು ಜನ," ಎಂದರು ಚಿಪ್ಪಿನ ಹೆಂಗಸರು. "ಭತ್ತ ಬಿತ್ತೋದಿದೆ."

"ಅದರ ಮುಂದಿನ ವಾರ ನಾವು," ಎಂದರು ಡ್ರಮ್ಮಿನವರು. ಸಿನ್ಫೊರೊಸೊ ಹಾಡಿನ ನಡುವೆಯೇ ಬೆರಳೆತ್ತಿದ. ಅಜ್ಜಿ ಹೇರ್‌ಪಿನ್ ಎತ್ತಿ ತೋರಿಸಿದಳು.

"ಒಂದು ವಾರ ತಡೀರಿ, ಮಕ್ಕಳ ದೋಣಿ!"

"ನೀರು, ಬಿತ್ತನೆ ಯಾರಿಗಾಗಿ ಕಾಯ್ತವೆ? ನಾವು ನಿನಗೆ 'ತಡಿ' ಅಂದ್ವಾ ಇವತ್ತು?" ಎಂದಳು ಅಜ್ಜಿ.

"ನಾನು ಕರೀಲೇ ಇಲ್ವಲ್ಲ! ನನ್ನ ಎಂಜಿನ್ ಕೆಟ್ಟಿದೆ ಅಂತ ನಿಮಗೆ ಹೇಳಿದೋರು ಯಾರು?"

"ನಿಕಾನೋರ್," ಎಂದಳು ಅಜ್ಜಿ ಕಣ್ಣೊರೆಸಿಕೊಂಡು. "ಬೆಳಿಗ್ಗೆ ಏಳರಿಂದ ಮನೆ ಮನೆ ಅಲೆದ. 'ಎಲಿಯಾಸರ್ ಒಬ್ಬನೇ ಒದ್ದಾಡ್ತಾ ಇದ್ದಾನೆ, ಹೋಗಿ ಕೈ ಹಾಕ್ರಮ್ಮಾ' ಅಂತ. ಎದುರಾಳಿ ಮೇಲೆ ಇಷ್ಟು ಒಳ್ಳೇ ಮನಸ್ಸು ಯಾರಿಗಿರತ್ತೆ?"

ಇನ್‌ಸ್ಪೆಕ್ಟರ್ ನಿಟ್ಟುಸಿರು ಬಿಟ್ಟು, ಕಾಗದದಲ್ಲಿ ಎಲಿಯಾಸರನ ಹೆಸರು ಹೊಡೆದು ಹಾಕಿದರು. ಅವರೂ ಈ ನದಿಯವರೇ, ಕೈಯ ಸಾಲ ತಪ್ಪಿಸಲಾಗದೆಂದು ಬಲ್ಲವರು.

ಜನ ಚದುರಿದರು. ಎಲಿಯಾಸರ್ ನೀರು ತುಂಬಿದ ಡ್ರಮ್ಮನ್ನು ಒಬ್ಬನೇ ಬಾಗಿಲ ಕಡೆ ಎಳೆಯತೊಡಗಿದ. ಅದು ಅರ್ಧ ಗೇಣೂ ಸರಿಯಲಿಲ್ಲ.

"ಅಯ್ಯೋ, ಸೊಂಟ ಹೋದೀತು ಕಣೋ!" ಎನ್ನುತ್ತ ಮೆಟ್ಟಿಲ ಕೆಳಗಿನಿಂದ ನಿಕಾನೋರ್ ಓಡಿಬಂದ.

"ಬೇಡ! ಮುಟ್ಟಬೇಡ!"

ಅಷ್ಟರಲ್ಲಿ ಅವನು ಡ್ರಮ್ಮಿನ ಆಚೆ ಬದಿಗೆ ಎರಡೂ ಕೈ ಹಾಕಿಯಾಗಿತ್ತು.

"ನನಗೇನೂ ಅವಸರವಿಲ್ಲ," ಎಂದ ನಿಕಾನೋರ್. "ಈ ಹನ್ನೊಂದು ಮುಗಿದ್ಮೇಲೆ ಯಾವತ್ತಾದ್ರೂ ಬಂದು ನನ್ನ ಎಂಜಿನ್ ಸರ್ವಿಸ್ ಮಾಡ್ಕೊಡು. ಮಕ್ಕಳ ದೋಣಿ ಅಲ್ವಾ, ಸ್ವಲ್ಪ ವೇಗ ಬೇಕು."