ಭಾಮೈದನ ಬಟನ್‌ಗೆ ಇನ್ನೊಂದು ಗೆರೆ

ಹೆಂಡತಿಯ ತಮ್ಮನನ್ನು ತಾನೇ ತನ್ನ ಆ್ಯಪ್ ಕಂಪನಿಗೆ ಸೇರಿಸಿದ್ದು ಭಾವ ಮಾಡಿಕೊಂಡ ದೊಡ್ಡ ಎಡವಟ್ಟು. ಸೇರಿದ ಸ್ವಲ್ಪ ದಿನಕ್ಕೇ ಆಫೀಸಿನವರ ಬಾಯಲ್ಲೆಲ್ಲ ಭಾಮೈದನೇ. ಮನೆಗೆ ಬಂದರೆ ಹೆಂಡತಿಯ ಬಾಯಲ್ಲೂ ಅವನೇ. ಭಾವನಿಗೆ ಹೊಟ್ಟೆಕಿಚ್ಚಿನಲ್ಲಿ ಊಟ ಸೇರುತ್ತಿರಲಿಲ್ಲ.

ಇವತ್ತು ಕುರ್ಚಿ-ಮೇಜಿನ ಅಂಗಡಿಯ ಮಾಲೀಕರು ತಮ್ಮ ಆ್ಯಪ್‌ಗೆ ಸೇರಿಸುವ ಹೊಸ ಬಟನ್ ನೋಡಲು ಬರುವವರಿದ್ದರು. ಅದು ಮುಗಿದ ಮೇಲೆ ಹೊಸ ಟೀಮ್ ಲೀಡರ್ ಯಾರೆಂದು ಕಂಪನಿಯ ಮುಖ್ಯಸ್ಥೆ ಮೇಡಂ ಹೇಳುವವರಿದ್ದರು.

"ಈ ಸಲ ನೀವೇ, ನೋಡ್ತಿರಿ. ನಾನು ಉಡುಗೊರೆಗೂ ಹೇಳಿಬಿಟ್ಟಿದ್ದೀನಿ," ಎಂದಿದ್ದಳು ಹೆಂಡತಿ ಬೆಳಿಗ್ಗೆ.

ಆಫೀಸಿನಲ್ಲಿ ಭಾಮೈದ ನೀರು ಕುಡಿಯಲು ಎದ್ದುಹೋಗಿದ್ದ. ಅವನ ಪರದೆಯ ಮೇಲೆ, ಅವನೇ ಮುದ್ದಾಗಿ ಮಾಡಿದ 'ಆರ್ಡರ್ ರದ್ದು' ಬಟನ್. ಅದರಿಂದ ಕಂಟ್ರೋಲರ್ ಎಂಬ ಪ್ರೋಗ್ರಾಮಿನ ಯಾವ ಮೆಥಡ್‌ಗೆ, ಅಂದರೆ ಯಾವ ಕೆಲಸದ ಸೂಚನೆಗೆ, ಮೌಸ್‌ನಿಂದ ಗೆರೆ ಎಳೆಯುತ್ತೀರೋ, ಬಟನ್ ಒತ್ತಿದಾಗ ಆ ಮೆಥಡ್‌ನ ಕೆಲಸ ನಡೆಯುತ್ತದೆ. ಭಾವ ಆಚೀಚೆ ನೋಡಿ, 'ಮಾಲೀಕರಿಗೆ ಫೋನು' ಎಂಬ ಮೆಥಡ್‌ಗೆ ಸರ್ರನೆ ಒಂದು ಗೆರೆ ಎಳೆದ. ರದ್ದು ಮಾಡಲು ಹೋದರೆ ರದ್ದಾಗದೆ ಮಾಲೀಕರ ಜೇಬಿನ ಫೋನು ಬಾಯಿ ಬಡಿದುಕೊಳ್ಳಬೇಕು, ಭಾಮೈದನ ಮಾನ ಹರಾಜಾಗಬೇಕು! ಹಳೆಯ ಗೆರೆ ಅಳಿಸದಿದ್ದರೆ ಎರಡೂ ಕೆಲಸ ನಡೆಯುತ್ತವೆಂಬುದು ಆ ಗಡಿಬಿಡಿಯಲ್ಲಿ ಅವನಿಗೆ ಹೊಳೆಯಲೇ ಇಲ್ಲ.

"ಏನ್ ಭಾವ, ನನ್ನ ಜಾಗದಲ್ಲಿ?"

"ನಿನ್ನ ಕೆಲಸ ಎಷ್ಟು ಚೆಂದ ಅಂತ ನೋಡ್ತಿದ್ದೆ ಕಣೋ."

"ಎಲ್ಲಾ ನಿಮ್ಮ ಹತ್ರ ಕಲಿತಿದ್ದೇ ತಾನೆ!"

ಹುಡುಗ ಒಳ್ಳೆಯವನು ಬೇರೆ. ಅದಂತೂ ಭಾವನಿಗೆ ಇನ್ನೂ ಉರಿಯಿತು.

ಮಾಲೀಕರೆದುರು ಮೇಡಂ ಬಟನ್ ಒತ್ತಿದರು. 'ಆರ್ಡರ್ ರದ್ದಾಗಿದೆ' ಎಂದು ಬಂತು. ಜೊತೆಗೇ ಮಾಲೀಕರ ಜೇಬು ಕಿರುಚಿಕೊಂಡಿತು. ಭಾವ ಮೇಜಿನ ಕೆಳಗೆ ಕೈ ಉಜ್ಜಿಕೊಂಡ.

ಮಾಲೀಕರು ಫೋನು ನೋಡಿದರು, ಮೇಡಂ ಮುಖ ನೋಡಿದರು, ಆಮೇಲೆ ಕುರ್ಚಿಯಿಂದಲೇ ಎದ್ದರು.

"ಅಂದ್ರೆ, ಬೇಡ ಅಂತ ಹೊರಟ ಗಿರಾಕಿ ಅಲ್ಲೇ ಮಾತಿಗೆ ಸಿಗ್ತಾನೆ! ಯಾಕಪ್ಪಾ ಬೇಡ, ಇನ್ನೇನು ಕೊಡಲಿ ಅಂತ ಕೇಳಬಹುದು! ಯಾರ ತಲೆ ರೀ ಇದು? ಇವತ್ತೇ ಶುರು ಮಾಡಿಬಿಡಿ!"

ಎಲ್ಲರೂ ಭಾಮೈದನ ಕಡೆ ತಿರುಗಿದರು. ಅವನು ತಲೆ ಕೆರೆದುಕೊಂಡು, "ಫೋನು ನಾನು ಜೋಡಿಸಿದ್ದಲ್ಲ ಮೇಡಂ," ಎಂದ.

ಅಷ್ಟು ದೊಡ್ಡ ಹೊಗಳಿಕೆ ಹೇಳುವವರು ಕೇಳುವವರಿಲ್ಲದೆ ಬಿದ್ದಿರುವುದನ್ನು ಕಂಡು ಭಾವನಿಗೆ ತಡೆಯಲಾಗಲಿಲ್ಲ. "ನಾನು! ನಾನೇ ಜೋಡಿಸಿದ್ದು!" ಎಂದು ಎದ್ದು ನಿಂತ.

"ಬಹಳ ಸಂತೋಷ," ಎಂದರು ಮೇಡಂ. "ಮಾಲೀಕರಿಗೆ ಪುರುಸೊತ್ತೆಲ್ಲಿ? ಆ ಫೋನೆಲ್ಲ ಇನ್ಮೇಲೆ ನಿಮ್ಮ ನಂಬರಿಗೇ ಬರಲಿ, ನೀವೇ ಮಾತಾಡಿ. ಇನ್ನು ಲೀಡರ್ ವಿಷಯ. ತನ್ನದಲ್ಲದ ಹೆಸರು ಬೇಡ ಅಂದನಲ್ಲ, ಇಂಥವನೇ ಬೇಕು ನನಗೆ." ಅವರ ಕೈ ಭಾಮೈದನ ಹೆಗಲ ಮೇಲಿತ್ತು.

ಸಂಜೆ ಭಾವ ಮನೆಯ ಮೆಟ್ಟಿಲ ಮೇಲೇ ಕೂತುಬಿಟ್ಟ. ಒಳಗೆ ಹೋಗಿ ಮುಖ ತೋರಿಸುವ ಧೈರ್ಯವಿರಲಿಲ್ಲ. ಅಷ್ಟರಲ್ಲಿ ಜೇಬು ಕಿರುಚಿತು. ನಂಬರ್ ಕೂಡ ನೋಡದೆ, ಅಂಗಡಿಯವನ ಗತ್ತಿನ ದನಿ ತಂದುಕೊಂಡು ಕೇಳಿದ, "ನಮಸ್ಕಾರ. ನಿಮ್ಮ ಆರ್ಡರ್ ಯಾಕೆ ರದ್ದು ಮಾಡ್ತಿದ್ದೀರಿ?"

"ನಮ್ಮನೆಯವರು ಲೀಡರ್ ಆಗ್ತಾರೆ ಅಂತ ಒಂದು ಒಳ್ಳೆ ಕುರ್ಚಿ ಹೇಳಿದ್ದೆ," ಎಂದಿತು ಹೆಂಡತಿಯ ದನಿ. "ಈಗ ನೋಡಿದ್ರೆ ಆಗಿರೋದು ನನ್ನ ತಮ್ಮ ಅಂತೆ. ಅದೇ ಕುರ್ಚೀನ ಅವನ ಮನೆಗೆ ಕಳಿಸೋಕಾಗುತ್ತಾ?"

ಭಾವ ಜೇಬಿನಿಂದ ಪೆನ್ನು ತೆಗೆದ.

"ಆಗುತ್ತಮ್ಮಾ," ಎಂದ. "ವಿಳಾಸ ಹೇಳಿ, ಬರ್ಕೋತೀನಿ."